ಬಾಸ್ಟಿಲ್ ಬಿದ್ದ ದಿನ ಅರಸೊತ್ತಿಗೆ ಬೀಳಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಕಳೆದ ಭಾನುವಾರದ ಪುರವಣಿಯಲ್ಲಿ ಫ್ರಾನ್ಸಿನ ಅರಸರ ಬಗ್ಗೆ ಬಂದ ಲೇಖನವನ್ನು ನಾನು ಓದಿದ್ದು ಪತ್ರಿಕೆಯಲ್ಲಲ್ಲ, ಒಂದು ನೋಟುಬುಕ್ಕಿನಲ್ಲಿ. ನೆರೆಮನೆಯ ಹತ್ತನೆಯ ತರಗತಿಯ ಹುಡುಗಿ ಅದನ್ನು ಅಂದವಾಗಿ ಕತ್ತರಿಸಿ, ಅನ್ನದ ಅಗುಳು ಅರೆದು ಚರಿತ್ರೆಯ ನೋಟುಬುಕ್ಕಿಗೆ ಅಂಟಿಸಿ, ಒಂದು ವಾಕ್ಯದ ಅಡಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದುಕೊಂಡು, "ಮಾಷ್ಟ್ರಜ್ಜಾ, ಇದೊಂದು ನೆನಪಿಟ್ಟರೆ ಸಾಕಲ್ಲಾ?" ಎಂದು ಕೇಳಲು ಬಂದಿದ್ದಳು. 1789ರ ಜುಲೈ 14ರಂದು ಬಾಸ್ಟಿಲ್ ಸೆರೆಮನೆ ಉರುಳಿದೊಡನೆ ಫ್ರಾನ್ಸಿನ ಅರಸೊತ್ತಿಗೆ ಕೊನೆಗೊಂಡಿತು ಎಂಬುದು ಆ ವಾಕ್ಯದ ಸಾರ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಬಹುಕಾಲ ಚರಿತ್ರೆ ಕಲಿಸಿದ ನನಗೆ ಈ ತಪ್ಪು ಹೊಸದಲ್ಲ. ಪ್ರತಿವರ್ಷವೂ ಉತ್ತರಪತ್ರಿಕೆಗಳಲ್ಲಿ ಅದನ್ನು ಕಂಡು, ಅರ್ಧ ಅಂಕ ಕೊಡುವುದೋ ಸೊನ್ನೆ ಕೊಡುವುದೋ ಎಂದು ಪೆನ್ನು ಹಿಡಿದು ಕುಳಿತದ್ದುಂಟು. ಆದರೆ ಅಚ್ಚಾದ ಪತ್ರಿಕೆಯಲ್ಲಿ ಕಂಡಾಗ ಸುಮ್ಮನಿರುವುದು ಸರಿಯಲ್ಲವೆಂದು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದರೆ ಮನ್ನಿಸಬೇಕು.

ಬಾಸ್ಟಿಲ್ ಬಿದ್ದ ದಿನ ಅದರೊಳಗೆ ಇದ್ದ ಕೈದಿಗಳು ಏಳೇ ಮಂದಿ. ಆಗಿನ ಅರಸ ಹದಿನಾರನೇ ಲೂಯಿ ತನ್ನ ದಿನಚರಿಯಲ್ಲಿ ಆ ದಿನಕ್ಕೆ ಬರೆದದ್ದು 'ಏನೂ ಇಲ್ಲ' ಎಂಬಷ್ಟೇ ಅರ್ಥದ ಒಂದು ಮಾತು. ಅದು ಮುಖ್ಯವಾಗಿ ಬೇಟೆಯ ಲೆಕ್ಕದ ಪುಸ್ತಕವಾದ್ದರಿಂದ ಆ ದಿನ ಬೇಟೆ ಸಿಕ್ಕಲಿಲ್ಲ ಎಂದು ಅದನ್ನು ಓದಬೇಕು, ಅರಸ ಮೂರ್ಖ ಎಂದಲ್ಲ. ಅದೇ ಅಕ್ಟೋಬರದಲ್ಲಿ ಪ್ಯಾರಿಸ್ಸಿನ ಹೆಂಗಸರು ರೊಟ್ಟಿಯ ಬೆಲೆಗೆ ಬೇಸತ್ತು, ಅರಮನೆಯಿದ್ದ ವರ್ಸೇಲ್ಸ್‌ಗೆ ನಡೆದು ಹೋಗಿ ಅರಸನ ಕುಟುಂಬವನ್ನು ನಗರಕ್ಕೆ ಕರೆತಂದರು. ಆಗಲೂ ಯಾರೂ ಕಿರೀಟ ಕಿತ್ತುಕೊಳ್ಳಲಿಲ್ಲ. 'ಫ್ರಾನ್ಸಿನ ಅರಸ' ಎಂಬ ಬಿರುದನ್ನು 'ಫ್ರೆಂಚರ ಅರಸ' ಎಂದು ಬದಲಿಸಿದರು, ಅಷ್ಟೆ. ನೆಲದ ಒಡೆಯನಾಗಿದ್ದವನು ಜನರ ಮುಖ್ಯಸ್ಥನಾದ. ಬಾಸ್ಟಿಲ್ ಬಿದ್ದು ಸರಿಯಾಗಿ ಒಂದು ವರ್ಷಕ್ಕೆ, 1790ರ ಜುಲೈ 14ರಂದು, ಪ್ಯಾರಿಸ್ಸಿನ ದೊಡ್ಡ ಮೈದಾನದಲ್ಲಿ ಸೇರಿದ ಲಕ್ಷಾಂತರ ಜನರ ಮುಂದೆ ಇದೇ ಲೂಯಿ ರಾಷ್ಟ್ರಕ್ಕೆ ನಿಷ್ಠನಾಗಿರುವೆನೆಂದು ಪ್ರಮಾಣ ಮಾಡಿದ. ಜನ ಅವನಿಗೆ ಜಯಕಾರ ಹಾಕಿದರು. ಜೂನ್ 1791ರಲ್ಲಿ ಅವನು ಮಾರುವೇಷದಲ್ಲಿ ಗಡಿಯತ್ತ ಓಡಿಹೋಗಲು ನೋಡಿ, ದಾರಿಯಲ್ಲಿ ಅಂಚೆ ಕುದುರೆಗಳ ಠಾಣೆಯ ಡ್ರೂಯೆ ಎಂಬವನ ಕಣ್ಣಿಗೆ ಬಿದ್ದು, ವರೆನ್ ಎಂಬ ಸಣ್ಣ ಊರಿನಲ್ಲಿ ಸಿಕ್ಕಿಹಾಕಿಕೊಂಡ. ಅದಾದ ಮೇಲೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊಸ ಸಂವಿಧಾನ ಅವನನ್ನು ಅರಸನಾಗಿಯೇ ಉಳಿಸಿಕೊಂಡಿತು. 1792ರ ಆಗಸ್ಟ್ 10ರಂದು ಅರಸ ವಾಸವಿದ್ದ ಪ್ಯಾರಿಸ್ಸಿನ ತ್ವಿಲರಿ ಅರಮನೆಯ ಮೇಲೆ ದಾಳಿಯಾಯಿತು, ಸೆಪ್ಟೆಂಬರ್ 21ರಂದು ಅರಸೊತ್ತಿಗೆಯನ್ನು ರದ್ದುಪಡಿಸಲಾಯಿತು, ಮರುವರ್ಷದ ಜನವರಿ 21ರಂದು ಅರಸನ ತಲೆ ಉರುಳಿತು. ಪರೀಕ್ಷೆಗೆ ಒಂದೇ ತಾರೀಕು ನೆನಪಿಡಬೇಕೆಂದಿದ್ದರೆ ಅದು 1792ರ ಸೆಪ್ಟೆಂಬರ್ 21. ಅದೂ ಪೂರ್ಣ ಸತ್ಯವಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಲೇಖನದ ಎರಡನೆಯ ದೋಷ ಕಾರಣಕ್ಕೆ ಸಂಬಂಧಿಸಿದ್ದು. ರಾಣಿಯ ಒಡವೆ, ಕೂದಲ ಅಲಂಕಾರ, ಅರಮನೆಯ ಔತಣಗಳಿಂದ ಬೊಕ್ಕಸ ಬರಿದಾಯಿತೆಂದು ಅದರಲ್ಲಿ ಬರೆಯಲಾಗಿದೆ. ಬಡವರಿಗೆ ರೊಟ್ಟಿ ಇಲ್ಲದಿದ್ದರೆ ಕೇಕು ತಿನ್ನಲಿ ಎಂದು ರಾಣಿ ಮೇರಿ ಆಂಟೊನೆಟ್ ಹೇಳಿದಳೆಂಬ ಹಳೆಯ ಕತೆಯೂ ಇದೆ. ಆ ಮಾತನ್ನು ಯಾವಳೋ ರಾಜಕುಮಾರಿಯ ಬಾಯಲ್ಲಿ ಇಟ್ಟು ಚಿಂತಕ ರೂಸೋ ತನ್ನ ಆತ್ಮಕತೆಯಲ್ಲಿ ಬರೆದ ಹೊತ್ತಿಗೆ ಮೇರಿ ಆಂಟೊನೆಟ್ ವಿಯೆನ್ನಾದಲ್ಲಿ ಆಡಿಕೊಂಡಿದ್ದ ಹುಡುಗಿ. ಅವಳು ಮದುವೆಯಾಗಿ ಫ್ರಾನ್ಸಿಗೆ ಕಾಲಿಟ್ಟದ್ದು 1770ರಲ್ಲಿ. ಬೊಕ್ಕಸದ ವಿಚಾರಕ್ಕೆ ಬಂದರೆ, 1788ರ ರಾಜ್ಯದ ಲೆಕ್ಕಪತ್ರದಲ್ಲಿ ಇಡೀ ಅರಮನೆಯ ಖರ್ಚು ನೂರಕ್ಕೆ ಆರರಷ್ಟು ಮಾತ್ರ, ಹಳೆಯ ಸಾಲದ ಬಡ್ಡಿ ಮತ್ತು ಕಂತು ಹೆಚ್ಚುಕಡಿಮೆ ಅರ್ಧದಷ್ಟು. ಆ ಸಾಲದ ದೊಡ್ಡ ಪಾಲು ಯುದ್ಧಗಳದ್ದು. ಅಮೆರಿಕದ ವಸಾಹತುಗಳು ಇಂಗ್ಲೆಂಡಿನ ಅರಸನ ವಿರುದ್ಧ ಎದ್ದಾಗ ಅವುಗಳ ಬೆನ್ನಿಗೆ ನಿಂತು ಲೂಯಿ ಸುರಿದ ಹಣವೇ, ಆಗಿನ ಫ್ರೆಂಚ್ ನಾಣ್ಯದಲ್ಲಿ, ನೂರು ಕೋಟಿ ಲೀವ್ರ್‌ಗಿಂತ ಹೆಚ್ಚು. ಒಬ್ಬ ಅರಸನನ್ನು ಇಳಿಸಲು ಇನ್ನೊಬ್ಬ ಅರಸ ಮಾಡಿದ ಸಾಲ ತಿರುಗಿ ಅವನ ಕೊರಳಿಗೇ ಬಂತು. ಸಾಹುಕಾರರೂ ಕುಲೀನರೂ ಹೆಚ್ಚಿನ ತೆರಿಗೆಗಳಿಂದ ತಪ್ಪಿಸಿಕೊಂಡಿದ್ದ ರಾಜ್ಯದಲ್ಲಿ ಆ ಸಾಲವನ್ನು ರೈತನ ತಲೆಗೆ ಕಟ್ಟುವುದು ಬಿಟ್ಟರೆ ದಾರಿ ಇರಲಿಲ್ಲ, ರೈತನ ತಲೆಯಲ್ಲಿ ಇನ್ನು ಜಾಗ ಇರಲಿಲ್ಲ.

ಈ ದಿವಾಳಿತನದ ದೃಶ್ಯವೊಂದಕ್ಕೆ ನಮ್ಮವರೇ ಸಾಕ್ಷಿಗಳಾಗಿದ್ದರು ಎಂಬುದನ್ನು ಲೇಖಕರು ಬಿಟ್ಟುಬಿಟ್ಟದ್ದು ನನಗೆ ಬೇಸರ ತಂದಿತು. ಬೇಕಲ ಕೋಟೆ, ಚಂದ್ರಗಿರಿ, ಕುಂಬಳೆ ಎಲ್ಲವೂ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿದ್ದ ಕಾಲವದು. ಇಂಗ್ಲಿಷರ ವಿರುದ್ಧ ಸೈನ್ಯಸಹಾಯ ಬೇಡಲು ಟಿಪ್ಪು ಕಳುಹಿಸಿದ ಮೂವರು ರಾಯಭಾರಿಗಳಾದ ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮುಹಮ್ಮದ್ ಉಸ್ಮಾನ್ ಖಾನ್ ಅವರು ಪಾಂಡಿಚೇರಿಯಿಂದ ಹಡಗು ಹತ್ತಿ, ಆಫ್ರಿಕವನ್ನು ಸುತ್ತಿ, 1788ರ ಜೂನ್‌ನಲ್ಲಿ ಟೂಲಾನ್ ಬಂದರಿಗೆ ಇಳಿದರು. ಹದಿನಾರನೇ ಲೂಯಿ ಅವರನ್ನು ವರ್ಸೇಲ್ಸ್‌ನಲ್ಲಿ ವಿಜೃಂಭಣೆಯಿಂದ ಬರಮಾಡಿಕೊಂಡದ್ದು 1788ರ ಆಗಸ್ಟ್ 10ರಂದು. ಈ ತಾರೀಕನ್ನು ಅದರ ಅಕ್ಕಪಕ್ಕದ ತಾರೀಕುಗಳ ಜೊತೆಗೆ ಇಟ್ಟು ನೋಡಬೇಕು. ಅದಕ್ಕೆ ಎರಡು ದಿನ ಮೊದಲು, ಆಗಸ್ಟ್ 8ರಂದು, 1614ರಿಂದ ಒಮ್ಮೆಯೂ ಸೇರದ, ಪಾದ್ರಿಗಳು, ಕುಲೀನರು, ಜನಸಾಮಾನ್ಯರು ಎಂಬ ಮೂರು ವರ್ಗಗಳ ಪ್ರತಿನಿಧಿಗಳ ಎಸ್ಟೇಟ್ಸ್ ಜನರಲ್ ಸಭೆಯನ್ನು ಕರೆಯುವೆನೆಂದು ಅರಸ ಅನಿವಾರ್ಯವಾಗಿ ಒಪ್ಪಿಕೊಂಡಿದ್ದ. ಆ ದರ್ಬಾರಾಗಿ ಆರು ದಿನಕ್ಕೆ, ಆಗಸ್ಟ್ 16ರಂದು, ಬೊಕ್ಕಸ ತನಗೆ ಸಾಲ ಕೊಟ್ಟವರಿಗೆ ನಗದು ಪಾವತಿಯನ್ನು ನಿಲ್ಲಿಸಿತು. ಕನ್ನಡಿಗಳ ಹೊಳಪಿನ ಆ ಅರಮನೆಯಲ್ಲಿ ನಮ್ಮ ರಾಯಭಾರಿಗಳು ಸೈನ್ಯ ಕೇಳುತ್ತಿದ್ದಾಗ, ಸಿಂಹಾಸನದಲ್ಲಿ ಕುಳಿತವನ ಹತ್ತಿರ ಮುಂದಿನ ವಾರದ ಖರ್ಚಿಗೆ ಹಣವಿರಲಿಲ್ಲ. ಸೈನ್ಯದ ಬದಲು ಅವರಿಗೆ ಸಿಕ್ಕಿದ್ದು ಸೆವ್ರ್‌ನ ಪಿಂಗಾಣಿಯ ಉಡುಗೊರೆಗಳು ಮತ್ತು ಒಳ್ಳೆಯ ಮಾತು. ಆ ರಾಯಭಾರದ ಸೋಲನ್ನು ಬರೆಯುವವರು ಫ್ರೆಂಚರ ವಿಶ್ವಾಸಘಾತುಕತನವನ್ನು ಬೈಯುತ್ತಾರೆ. ನನ್ನ ಮಟ್ಟಿಗೆ ಅದು ಬರಿಗೈಯವನ ಮರ್ಯಾದೆ. ಇನ್ನೂ ಒಂದು ವಿಚಿತ್ರ ನೋಡಿ: ತ್ವಿಲರಿ ಅರಮನೆಗೆ ಜನ ನುಗ್ಗಿದ್ದು ಆ ದರ್ಬಾರು ನಡೆದು ಸರಿಯಾಗಿ ನಾಲ್ಕು ವರ್ಷಕ್ಕೆ, ಮತ್ತೊಂದು ಆಗಸ್ಟ್ 10ರಂದು.

ಹಾಗೆಂದು ಆ ಅರಸೊತ್ತಿಗೆ ಟೊಳ್ಳು ಮರವಾಗಿತ್ತೆಂದು ತಿಳಿಯಬಾರದು. ಅದು ಬೀಳಲು ಅಷ್ಟು ಕಾಲ ಹಿಡಿದದ್ದೇ ಬೇರು ಎಷ್ಟು ಆಳಕ್ಕೆ ಇಳಿದಿತ್ತು ಎಂಬುದಕ್ಕೆ ಸಾಕ್ಷಿ. ಫ್ರಾಂಕ್ ಜನರ ಅರಸ ಕ್ಲೋವಿಸ್ ರೀಮ್ಸ್ ನಗರದಲ್ಲಿ ಕ್ರೈಸ್ತದೀಕ್ಷೆ ಪಡೆದದ್ದು ಐದನೆಯ ಶತಮಾನದ ಕೊನೆಗೆ. ಆ ನೆನಪಿನಲ್ಲಿಯೇ ಮುಂದಿನ ಅರಸರಿಗೆ ರೀಮ್ಸ್‌ನಲ್ಲಿ ಪಟ್ಟಾಭಿಷೇಕ, ಪವಿತ್ರ ತೈಲದ ಲೇಪನ. 987ರಲ್ಲಿ ಕುಲೀನರೂ ಧರ್ಮಾಧಿಕಾರಿಗಳೂ ಸೇರಿ ಹ್ಯೂ ಕಾಪೆ ಎಂಬವನನ್ನು ಅರಸನನ್ನಾಗಿ ಆರಿಸಿದಾಗ ಅವನ ನೇರ ಹಿಡಿತದಲ್ಲಿ ಇದ್ದದ್ದು ಪ್ಯಾರಿಸ್ ಮತ್ತು ಓರ್ಲಿಯನ್ಸ್ ಸುತ್ತಲಿನ ಕಿರಿದಾದ ಭೂಮಿ. ಅವನ ಸಾಮಂತರಲ್ಲಿ ಕೆಲವರು ಅವನಿಗಿಂತ ಶ್ರೀಮಂತರು. ಅವನ ವಂಶದ ಬಲ ಖಡ್ಗಕ್ಕಿಂತ ಹೆಚ್ಚಾಗಿ ತೊಟ್ಟಿಲಿನಲ್ಲಿತ್ತು. 987ರಿಂದ 1316ರ ತನಕ, ಮುನ್ನೂರಕ್ಕೂ ಹೆಚ್ಚು ವರ್ಷ, ಒಂದು ತಲೆಮಾರೂ ತಪ್ಪದೆ ತಂದೆಯ ಬಳಿಕ ಮಗ ಪಟ್ಟಕ್ಕೆ ಬಂದ. ಆರಂಭದ ಅರಸರು ಜಾಣರು, ತಾವು ಬದುಕಿರುವಾಗಲೇ ಮಗನಿಗೆ ಪಟ್ಟ ಕಟ್ಟಿಸಿಬಿಡುತ್ತಿದ್ದರು. ಹೀಗೆ ಆರಿಸಿಬಂದ ಅರಸನ ಮನೆ ಹುಟ್ಟಿನಿಂದ ಬಂದ ಅರಸರ ಮನೆಯಾಯಿತು. ಮೊದಲು ಆರಿಸಿದವರ ಮೊಮ್ಮಕ್ಕಳಿಗೆ ಆರಿಸುವ ಹಕ್ಕೇ ಮರೆತುಹೋಯಿತು.

ಗಂಡು ಸಂತಾನ ನಿಂತಾಗ ಏನಾಯಿತು ಎಂಬುದು ಈ ಚರಿತ್ರೆಯ ಅತ್ಯಂತ ರುಚಿಕರವಾದ ಭಾಗ, ಮತ್ತು ಅದನ್ನು ತುಳುನಾಡಿನ ಮಕ್ಕಳಷ್ಟು ಬೇಗ ಹಿಡಿಯುವವರು ಬೇರೆ ಇಲ್ಲವೆಂದು ನಾನು ಪಂಥ ಕಟ್ಟಬಲ್ಲೆ. 1328ರಲ್ಲಿ ನಾಲ್ಕನೇ ಚಾರ್ಲ್ಸ್ ಗಂಡುಮಕ್ಕಳಿಲ್ಲದೆ ತೀರಿಕೊಂಡ. ಅವನ ತಂಗಿ ಇಸಬೆಲ್ಲಾಳ ಮಗ ಇಂಗ್ಲೆಂಡಿನ ಮೂರನೇ ಎಡ್ವರ್ಡ್, ಹದಿನೈದು ವರ್ಷದ ಹುಡುಗ. ಇನ್ನೊಂದು ಕಡೆ ಸತ್ತ ಅರಸನ ಚಿಕ್ಕಪ್ಪನ ಮಗ ವಾಲ್ವಾ ಮನೆತನದ ಫಿಲಿಪ್. ನಾನು ಕರಿಹಲಗೆಯಲ್ಲಿ ವಂಶವೃಕ್ಷ ಬರೆದು, ಪಟ್ಟ ಯಾರಿಗೆ ಎಂದು ಕೇಳುವ ಮೊದಲೇ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಎಡ್ವರ್ಡನಿಗೇ ಅಲ್ವಾ ಮಾಷ್ಟ್ರೇ, ಅವ ಅಳಿಯ ಅಲ್ವಾ?" ಎಂದಿದ್ದ. ಅಳಿಯಸಂತಾನದ ತರವಾಡು ಮನೆಯಲ್ಲಿ ಹುಟ್ಟಿದವನಿಗೆ ಇದರಲ್ಲಿ ಚರ್ಚೆಗೆ ಅವಕಾಶವೇ ಇಲ್ಲ. ಕುಂಬಳೆ ಸೀಮೆಯ ಅರಸು ಮನೆತನದಲ್ಲಿಯೂ ಪಟ್ಟ ಹೋಗುತ್ತಿದ್ದದ್ದು ಅಕ್ಕತಂಗಿಯರ ಮಕ್ಕಳಿಗೆ. ಪ್ಯಾರಿಸ್ಸಿನ ಪ್ರಮುಖರ ತರ್ಕ ತಲೆಕೆಳಗು. ಹೆಣ್ಣು ಪಟ್ಟಕ್ಕೆ ಬರಲಾರಳು ಎಂದು ಅವರು ಕೆಲವು ವರ್ಷಗಳ ಹಿಂದೆಯೇ ತೀರ್ಮಾನಿಸಿದ್ದರು. ಈಗ, ತನ್ನಲ್ಲಿ ಇಲ್ಲದ ಹಕ್ಕನ್ನು ಅವಳು ಮಗನಿಗೆ ದಾಟಿಸಲಾರಳು ಎಂದು ಇನ್ನೊಂದು ಹೆಜ್ಜೆ ಮುಂದೆ ಹೋದರು. ಫ್ರಾಂಕ್ ಜನರ ಪ್ರಾಚೀನ ಸಾಲಿಕ್ ಶಾಸನವೇ ಹೀಗೆ ಹೇಳುತ್ತದೆಂಬ ಆಧಾರವನ್ನು ಪಂಡಿತರು ಹುಡುಕಿಕೊಟ್ಟದ್ದು ಆಮೇಲೆ. ಮೊದಲು ತೀರ್ಪು, ನಂತರ ಕಾನೂನು. ಆಸ್ತಿ ವ್ಯಾಜ್ಯಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ನಿಜವಾದ ಕಾರಣ ಸರಳ: ಇಂಗ್ಲೆಂಡಿನ ಅರಸ ತಮ್ಮ ಮೇಲೆ ಕುಳಿತುಕೊಳ್ಳುವುದು ಅವರಿಗೆ ಬೇಡವಾಗಿತ್ತು.

ಆ ಅಳಿಯನ ಹಕ್ಕಿನ ಜಗಳವೇ 1337ರಿಂದ 1453ರವರೆಗಿನ ನೂರು ವರ್ಷಗಳ ಯುದ್ಧಕ್ಕೆ ನೆಪವಾಯಿತು. ಅದರ ಕಷ್ಟದ ಹೊತ್ತಿನಲ್ಲಿ ಹಳ್ಳಿಯ ಹುಡುಗಿ ಜೋನ್ ಆಫ್ ಆರ್ಕ್ ಓರ್ಲಿಯನ್ಸ್ ನಗರದ ಮುತ್ತಿಗೆಯನ್ನು ಬಿಡಿಸಿ, 1429ರ ಜುಲೈಯಲ್ಲಿ ಏಳನೇ ಚಾರ್ಲ್ಸನನ್ನು ರೀಮ್ಸ್‌ಗೇ ಕರೆದೊಯ್ದು ಅಭಿಷೇಕ ಮಾಡಿಸಿದಳು. ತೈಲ ಬೀಳದವನನ್ನು ಜನ ಅರಸನೆಂದು ನಂಬುವುದಿಲ್ಲವೆಂದು ಆ ಅಕ್ಷರ ತಿಳಿಯದ ಹುಡುಗಿಗೆ ಮಂತ್ರಿಗಳಿಗಿಂತ ಚೆನ್ನಾಗಿ ಗೊತ್ತಿತ್ತು. ಇಂಗ್ಲೆಂಡಿನವರು ಯುದ್ಧ ಸೋತರೂ ಬಿರುದು ಬಿಡಲಿಲ್ಲ. 1340ರಲ್ಲಿ ಎಡ್ವರ್ಡ್ ಇಟ್ಟುಕೊಂಡ 'ಫ್ರಾನ್ಸಿನ ಅರಸ' ಎಂಬ ಬಿರುದನ್ನು ಅವರು ಕೈಬಿಟ್ಟದ್ದು 1801ರಲ್ಲಿ. ಎಂದರೆ 1799ರಲ್ಲಿ ಟಿಪ್ಪು ಮಡಿದು ನಮ್ಮ ಊರುಗಳು ಕಂಪೆನಿ ಸರಕಾರಕ್ಕೆ ಸೇರಿದಾಗ, ಆ ಕಂಪೆನಿಯವರ ಅರಸ ಮೂರನೇ ಜಾರ್ಜ್ ಕಾಗದದ ಮೇಲೆ ಫ್ರಾನ್ಸಿಗೂ ಅರಸನಾಗಿದ್ದ. ಫ್ರಾನ್ಸಿನಲ್ಲಿ ಮಾತ್ರ ಆಗ ಅರಸನೇ ಇರಲಿಲ್ಲ.

1539ರ ಆಗಸ್ಟಿನಲ್ಲಿ ಒಂದನೇ ಫ್ರಾನ್ಸಿಸ್ ವಿಲೇರ್ ಕೊಟ್ರೆ ಎಂಬಲ್ಲಿ ಹೊರಡಿಸಿದ ಆಜ್ಞೆಯನ್ನು ಲೇಖಕರು ಹೆಸರಿಸಿದ್ದೂ ಇಲ್ಲ. ನ್ಯಾಯಾಲಯದ ತೀರ್ಪು, ದಸ್ತಾವೇಜು, ಕರಾರುಗಳೆಲ್ಲ ಇನ್ನು ಲ್ಯಾಟಿನ್ ಬಿಟ್ಟು ಮಾತೃಭಾಷೆಯಾದ ಫ್ರೆಂಚಿನಲ್ಲಿಯೇ ಇರಬೇಕು, ಓದಿದವನಿಗೆ ಸಂದೇಹ ಉಳಿಯಬಾರದು ಎಂಬುದು ಅದರ ಆಶಯ. ಆ ಕಲಮುಗಳು ಇಂದಿಗೂ ಫ್ರಾನ್ಸಿನ ನ್ಯಾಯಾಲಯಗಳಲ್ಲಿ ಜೀವಂತವಾಗಿವೆ. ಕಾಸರಗೋಡಿನ ಕನ್ನಡಿಗ ಇದನ್ನು ಎರಡು ಮನಸ್ಸಿನಿಂದ ಓದುತ್ತಾನೆ. ತನಗೆ ಬಾರದ ಭಾಷೆಯ ಕಾಗದಕ್ಕೆ ರುಜು ಹಾಕುವ ಕಷ್ಟ ನನಗೆ ಗೊತ್ತು. ನಿವೃತ್ತಿಯ ಕಾಗದಪತ್ರಕ್ಕಾಗಿ ಒಂದು ಕಚೇರಿಗೆ ಹೋದಾಗ ಮಲೆಯಾಳದ ಅರ್ಜಿಯನ್ನು ಪಕ್ಕದಲ್ಲಿದ್ದವರಿಂದ ಓದಿಸಿಕೊಂಡೇ ತುಂಬಿದ್ದೆ. ಆದ್ದರಿಂದ ಫ್ರಾನ್ಸಿಸ್‌ನಿಗೆ ಕೈಮುಗಿಯಬೇಕು ಅನ್ನಿಸುತ್ತದೆ. ಆದರೆ ಅವನ ರಾಜ್ಯದ ದಕ್ಷಿಣದಲ್ಲಿ ಜನರಾಡುತ್ತಿದ್ದದ್ದು ಒಕ್ಸಿಟನ್, ಪಶ್ಚಿಮದ ಮೂಲೆಯಲ್ಲಿ ಬ್ರೆಟನ್. ಅವರ ಮಟ್ಟಿಗೆ ಹೋದದ್ದು ಒಂದು ಪರಭಾಷೆ, ಬಂದದ್ದು ಇನ್ನೊಂದು. ಅರಸನ ಮಾತೃಭಾಷೆ ಎಲ್ಲರ ಮಾತೃಭಾಷೆಯಾಗಬೇಕೆಂಬ ಯೋಚನೆಯನ್ನು ಗಣರಾಜ್ಯದವರು ರದ್ದು ಮಾಡಲಿಲ್ಲ, ಇನ್ನಷ್ಟು ಬಿಗಿಮಾಡಿದರು.

ಬೂರ್ಬನ್ ಮನೆತನದ ನಾಲ್ಕನೇ ಹೆನ್ರಿ 1598ರ ನಾಂಟ್ ಶಾಸನದಲ್ಲಿ ಪ್ರೊಟೆಸ್ಟಂಟರಿಗೆ ಆರಾಧನೆಯ ಸ್ವಾತಂತ್ರ್ಯ ಕೊಟ್ಟದ್ದನ್ನೂ, ಅವನ ಮೊಮ್ಮಗ ಹದಿನಾಲ್ಕನೇ ಲೂಯಿ 1685ರಲ್ಲಿ ಅದನ್ನು ಕಿತ್ತುಹಾಕಿ ಸುಮಾರು ಎರಡು ಲಕ್ಷ ಜನ ನೇಕಾರರು, ಗಡಿಯಾರ ಮಾಡುವವರು, ವ್ಯಾಪಾರಿಗಳು ದೇಶ ಬಿಟ್ಟು ಓಡುವಂತೆ ಮಾಡಿದ್ದನ್ನೂ ಲೇಖನ ಸರಿಯಾಗಿಯೇ ಹೇಳಿದೆ. ಆದರೆ 'ರಾಜ್ಯವೆಂದರೆ ನಾನೇ' ಎಂಬ ಮಾತನ್ನು ಹದಿನಾಲ್ಕನೇ ಲೂಯಿ ಹೇಳಿದನೆಂಬುದಕ್ಕೆ ಅವನ ಕಾಲದ ಆಧಾರವಿಲ್ಲ. ಹೇಳಬೇಕಾದ ಅಗತ್ಯವೂ ಅವನಿಗಿರಲಿಲ್ಲ, ಯಾಕೆಂದರೆ ಅವನು ಅದನ್ನು ದಿನವೂ ಬೆಳಿಗ್ಗೆ ಆಡಿ ತೋರಿಸುತ್ತಿದ್ದ. ನಮ್ಮ ಯಕ್ಷಗಾನದಲ್ಲಿ ಅರಸನ ವೇಷಧಾರಿ ಚೌಕಿಯ ಮರೆಯಲ್ಲಿ ಬಣ್ಣ ಹಚ್ಚಿ, ಕಿರೀಟ ಕಟ್ಟಿ, ಆಮೇಲೆ ರಂಗಸ್ಥಳಕ್ಕೆ ಬರುತ್ತಾನೆ. ಈ ಲೂಯಿ ಚೌಕಿಯನ್ನೇ ರಂಗಸ್ಥಳ ಮಾಡಿದವ. ಅವನು ಹಾಸಿಗೆಯಿಂದ ಏಳುವುದು, ಅಂಗಿ ತೊಡುವುದು, ರಾತ್ರಿ ಮಲಗುವುದು ಎಲ್ಲವೂ ಸಭೆಯೆದುರಿನ ಸಮಾರಂಭ. ದೊರೆಯ ಅಂಗಿಯನ್ನು ಹಿಡಿದುಕೊಡುವ ಭಾಗ್ಯಕ್ಕೆ, ಮಲಗುವಾಗ ಮೇಣದಬತ್ತಿ ಹಿಡಿಯುವ ಗೌರವಕ್ಕೆ ದೊಡ್ಡದೊಡ್ಡ ಸಾಮಂತರು ಪೈಪೋಟಿ ನಡೆಸುತ್ತಿದ್ದರು. ಹದಿನಾಲ್ಕರ ಹರೆಯದಲ್ಲಿ, 1653ರಲ್ಲಿ, ಅವನು ನಿಜವಾಗಿಯೂ ಸೂರ್ಯನ ವೇಷ ಕಟ್ಟಿ ರಂಗದ ಮೇಲೆ ಕುಣಿದಿದ್ದ. 1682ರಲ್ಲಿ ಆಸ್ಥಾನವನ್ನು ವರ್ಸೇಲ್ಸ್‌ಗೆ ಸಾಗಿಸಿದ ಮೇಲೆ, ತಮ್ಮ ಕೋಟೆಗಳಲ್ಲಿ ಕುಳಿತು ದಂಗೆಗೆ ಹೊಂಚು ಹಾಕಬಹುದಾಗಿದ್ದ ಕುಲೀನರು ಅಂಗಿಯ ತೋಳಿಗಾಗಿ ಕಾಯುವವರಾದರು. ಎಪ್ಪತ್ತೆರಡು ವರ್ಷ ಆಳಿದ ಅವನ ಕೈಚಳಕ ಇದು. ಇದರ ಬೆಲೆ ತೆತ್ತವನು ಅವನ ಮರಿಮಗನ ಮೊಮ್ಮಗ: ಬೀಗ ತಯಾರಿಸುವ ಹವ್ಯಾಸದ, ನಾಚಿಕೆ ಸ್ವಭಾವದ ಹದಿನಾರನೇ ಲೂಯಿಗೆ ಆ ವೇಷ ಯಾವತ್ತೂ ಮೈಗೆ ಕೂಡಲಿಲ್ಲ. ವಿಚಾರಣೆಯ ಕಾಲಕ್ಕೆ ಅವನಿಗೆ ಪಾಠ ಹೇಳಿದ ಬೀಗದ ಕುಶಲಕರ್ಮಿಯೇ ಅರಮನೆಯ ಗೋಡೆಯೊಳಗಿನ ಗುಪ್ತ ಕಬ್ಬಿಣದ ಕಪಾಟನ್ನು ಹೊಸ ಸರಕಾರಕ್ಕೆ ತೋರಿಸಿಕೊಟ್ಟ. ಅದರಿಂದ ಹೊರಬಿದ್ದ ಕಾಗದಗಳು ಅರಸನನ್ನು ಮುಳುಗಿಸಿದವು. ಅವನನ್ನು ಅವರು ಕರೆದದ್ದು 'ಲೂಯಿ ಕಾಪೆ' ಎಂದು, 987ರ ಆ ಹ್ಯೂ ಕಾಪೆಯ ಹೆಸರು ಹಿಡಿದು. ಅದು ತನ್ನ ಹೆಸರಲ್ಲ, ಪೂರ್ವಜನೊಬ್ಬನದ್ದು ಎಂದು ಅವನು ಆಕ್ಷೇಪಿಸಿದ. ಎಂಟು ಶತಮಾನದ ಅಭಿಷೇಕಗಳನ್ನು ಅಳಿಸಿ ಮತ್ತೆ ಮೊದಲ ದಿನಕ್ಕೆ ಕೊಂಡೊಯ್ಯುವುದೇ ಆ ಕರೆಯ ಉದ್ದೇಶವಾಗಿತ್ತು.

ಲೇಖನ ಇಲ್ಲಿಗೆ ಪರದೆ ಎಳೆದಿದೆ. ನಿಜವಾದ ಕತೆ ಇನ್ನೂ 82 ವರ್ಷ ಉಳಿದಿದೆ. 1793ರಲ್ಲಿ ರೀಮ್ಸ್‌ನ ಪವಿತ್ರ ತೈಲದ ಕುಪ್ಪಿಯನ್ನು ಬಹಿರಂಗವಾಗಿ ಒಡೆದು ಚೂರು ಮಾಡಿದರು. ಸೆರೆಯಲ್ಲಿದ್ದ ಎಳೆಯ ರಾಜಕುಮಾರ 1795ರಲ್ಲಿ, ಹತ್ತು ವರ್ಷದವನಾಗಿ, ತೀರಿಕೊಂಡ. ಆದರೂ ನೆಪೋಲಿಯನ್ ಸೋತ 1814ರಲ್ಲಿ ಸತ್ತ ಅರಸನ ತಮ್ಮ ಹದಿನೆಂಟನೇ ಲೂಯಿ ತಿರುಗಿ ಬಂದು, ತಾನು ಹೊರಡಿಸಿದ ಸನ್ನದಿನಲ್ಲಿ 'ನಮ್ಮ ಆಳ್ವಿಕೆಯ ಹತ್ತೊಂಬತ್ತನೆಯ ವರ್ಷ' ಎಂದು ದಾಖಲಿಸಿದ. ತಾನು ದೇಶಭ್ರಷ್ಟನಾಗಿ ಅಲೆದ ವರ್ಷಗಳನ್ನೆಲ್ಲ, ಗಣರಾಜ್ಯವನ್ನು, ನೆಪೋಲಿಯನ್ನನ ಸಾಮ್ರಾಜ್ಯವನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿದ ಈ ಲೆಕ್ಕ ನನಗೆ ಚರಿತ್ರೆಯ ಅತ್ಯಂತ ಧೈರ್ಯದ ಸುಳ್ಳುಗಳಲ್ಲಿ ಒಂದಾಗಿ ಕಾಣುತ್ತದೆ. 1824ರಲ್ಲಿ ಅವನು ತೀರಿಕೊಂಡ. ಪಟ್ಟದಲ್ಲಿದ್ದುಕೊಂಡೇ ಸತ್ತ ಕೊನೆಯ ಫ್ರೆಂಚ್ ದೊರೆ ಅವನು. ಇನ್ನೊಬ್ಬ ತಮ್ಮ ಹತ್ತನೇ ಚಾರ್ಲ್ಸ್ 1825ರ ಮೇ ತಿಂಗಳಲ್ಲಿ ರೀಮ್ಸ್‌ಗೇ ಹೋಗಿ, ಒಡೆದ ಕುಪ್ಪಿಯಿಂದ ಭಕ್ತರು ಉಳಿಸಿಟ್ಟ ಅವಶೇಷದಿಂದ ಅಭಿಷೇಕ ಮಾಡಿಸಿಕೊಂಡು, ಅರಸನ ಕೈ ತಾಗಿದರೆ ಗಂಡಮಾಲೆ ರೋಗ ಗುಣವಾಗುತ್ತದೆಂಬ ಹಳೆಯ ನಂಬಿಕೆಯಂತೆ ನೂರಕ್ಕೂ ಮಿಕ್ಕಿ ರೋಗಿಗಳನ್ನು ಮುಟ್ಟಿದ. ರೈಲು ಓಡಲಾರಂಭಿಸಿದ ಕಾಲ ಅದು. ಐದು ವರ್ಷದಲ್ಲಿ, ಪತ್ರಿಕೆಗಳ ಬಾಯಿ ಕಟ್ಟುವ ಆಜ್ಞೆ ಹೊರಡಿಸಿದ್ದೇ ನೆಪವಾಗಿ, 1830ರ ಜುಲೈಯ ಮೂರು ದಿನಗಳ ಬೀದಿ ಕಾಳಗದಲ್ಲಿ ಅವನ ಪಟ್ಟ ಹೋಯಿತು. ಓರ್ಲಿಯನ್ಸ್ ಶಾಖೆಯ ಲೂಯಿ ಫಿಲಿಪ್ 1848ರ ತನಕ, ನೆಪೋಲಿಯನ್ನನ ತಮ್ಮನ ಮಗ ಮೂರನೇ ನೆಪೋಲಿಯನ್ ಚಕ್ರವರ್ತಿಯಾಗಿ 1852ರಿಂದ 1870ರ ತನಕ ಆಳಿದರು. ಇವರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

1871ರ ಫೆಬ್ರವರಿಯಲ್ಲಿ, ಜರ್ಮನರಿಂದ ಸೋತ ಫ್ರಾನ್ಸಿನ ಜನ ಆರಿಸಿದ ರಾಷ್ಟ್ರೀಯ ಸಭೆಯಲ್ಲಿ ಬಹುಮತ ಇದ್ದದ್ದು ಅರಸೊತ್ತಿಗೆಯ ಪರದವರಿಗೆ. ಬಾಸ್ಟಿಲ್ ಬಿದ್ದು ಎಂಬತ್ತೊಂದು ವರ್ಷ ಕಳೆದ ಮೇಲೆ ಜನರಿಂದಲೇ ಆಯ್ಕೆಯಾದ ಸಭೆ ಅರಸನನ್ನು ಮರಳಿ ಕರೆಯಲು ಸಿದ್ಧವಾಗಿತ್ತು. ಕರೆಯಬೇಕಾದವನು ಹತ್ತನೇ ಚಾರ್ಲ್ಸನ ಮೊಮ್ಮಗ, ತಂದೆ ಕೊಲೆಯಾದ ಏಳು ತಿಂಗಳ ನಂತರ 1820ರಲ್ಲಿ ಹುಟ್ಟಿದ, ಒಂಬತ್ತರ ಪ್ರಾಯದಿಂದ ಪರದೇಶದಲ್ಲಿ ಬೆಳೆದ ಶಾಂಬೋರಿನ ಕೌಂಟ್. ಅವನಿಗೆ ಮಕ್ಕಳಿರಲಿಲ್ಲ, ಅವನ ಬಳಿಕ ಓರ್ಲಿಯನ್ಸ್ ಶಾಖೆಗೆ ಪಟ್ಟ ಹೋಗುವುದೆಂದು ಎರಡೂ ಕಡೆಯವರು ರಾಜಿಯಾದರು. ಎಲ್ಲವೂ ಕೂಡಿಬಂತು, ಒಂದನ್ನು ಬಿಟ್ಟು. ಕ್ರಾಂತಿಯ ಕಾಲದಿಂದ ಸೈನಿಕರು ಹೊತ್ತು ಕಾದಾಡಿದ್ದ ನೀಲಿ, ಬಿಳಿ, ಕೆಂಪು ಬಾವುಟವನ್ನು ತಾನು ಒಪ್ಪುವುದಿಲ್ಲ, ನಾಲ್ಕನೇ ಹೆನ್ರಿಯ ಬಿಳಿ ಬಾವುಟವೇ ಆಗಬೇಕು ಎಂದು ಅವನು 1871ರ ಜುಲೈಯಲ್ಲಿ ಬರೆದ. ಬೆಂಬಲಿಗರು ಎರಡು ವರ್ಷ ಪುಸಲಾಯಿಸಿದರು. 1873ರ ಅಕ್ಟೋಬರದಲ್ಲಿ ಅವನು ಅದನ್ನೇ ಇನ್ನೊಮ್ಮೆ, ಇನ್ನೂ ಖಡಾಖಂಡಿತವಾಗಿ ಬರೆದ. ಹಠವೆನ್ನುವವರು ಹಠವೆನ್ನಲಿ, ಸಭೆಯ ಕೃಪೆಯಿಂದ ಬರುವ ಅರಸ ಅರಸನೇ ಅಲ್ಲ ಎಂಬುದು ಅವನಿಗೆ ಸ್ಪಷ್ಟವಾಗಿತ್ತು, ಮತ್ತು ಆ ಮಟ್ಟಿಗೆ ಅವನೊಬ್ಬನೇ ಪ್ರಾಮಾಣಿಕನಾಗಿದ್ದ ಎಂದು ನನ್ನ ಅಭಿಪ್ರಾಯ. ಅವನು ಸಾಯುವ ತನಕ ಕಾಯೋಣವೆಂದು ಸಭೆ ಮಾರ್ಷಲ್ ಮೆಕ್‌ಮಹೋನನಿಗೆ ಏಳು ವರ್ಷದ ಅಧ್ಯಕ್ಷಗಿರಿ ಕೊಟ್ಟು ದಿನ ತಳ್ಳಿತು. ಶಾಂಬೋರ್ ಸತ್ತದ್ದು 1883ರ ಆಗಸ್ಟಿನಲ್ಲಿ, ಆಸ್ಟ್ರಿಯಾದಲ್ಲಿ. ಅಷ್ಟರಲ್ಲಿ ಕಾಲ ಮೀರಿತ್ತು.

ಮೀರಿಸಿದ್ದು ಒಂದು ಮತ. 1875ರ ಜನವರಿ 30ರಂದು ವಾಲೋನ್ ಎಂಬ ಸದಸ್ಯ ತಂದ ತಿದ್ದುಪಡಿಯಲ್ಲಿ ಘೋಷಣೆಯಾಗಲಿ ಜಯಕಾರವಾಗಲಿ ಇಲ್ಲ. 'ಗಣರಾಜ್ಯದ ಅಧ್ಯಕ್ಷ'ನನ್ನು ಎರಡು ಸದನಗಳು ಕೂಡಿ ಏಳು ವರ್ಷಕ್ಕೆ ಆರಿಸುತ್ತವೆ ಎಂಬ ಒಣ ಕಲಮು. ಆದರೆ 'ಗಣರಾಜ್ಯ' ಎಂಬ ಪದ ಕಾಯಂ ಕಾನೂನಿನೊಳಗೆ ಸೇರಿದ್ದು ಆ ಕಲಮಿನ ಮೂಲಕ. ಪರವಾಗಿ 353, ವಿರುದ್ಧವಾಗಿ 352. ನಮ್ಮ ಪಂಚಾಯತಿನ ಚುನಾವಣೆಯಲ್ಲಿ ಒಂದು ಮತದಲ್ಲಿ ಸೋತವರು ಮರುಎಣಿಕೆ ಕೇಳುತ್ತಾರೆ. ಫ್ರಾನ್ಸಿನ ಅರಸರ ಪರದವರಿಗೆ ಆ ಅವಕಾಶವೂ ಸಿಕ್ಕಲಿಲ್ಲ. 1884ರಲ್ಲಿ ಸರಕಾರದ ಗಣರಾಜ್ಯ ಸ್ವರೂಪವನ್ನು ಬದಲಿಸುವ ಪ್ರಸ್ತಾಪವನ್ನೇ ತರಬಾರದೆಂದು ಸಂವಿಧಾನದಲ್ಲಿ ಬರೆದರು. 1887ರಲ್ಲಿ ಕಿರೀಟದ ರತ್ನಗಳಲ್ಲಿ ಹೆಚ್ಚಿನವನ್ನು ಹರಾಜು ಹಾಕಿದರು. ಇನ್ನೊಬ್ಬ ಬಂದರೂ ತಲೆಗಿಡಲು ಏನೂ ಉಳಿಯಬಾರದು ಎಂಬ ಲೆಕ್ಕ.

ಬಾಸ್ಟಿಲ್‌ನ ತಾರೀಕಿಗೆ ಅಷ್ಟು ಮಹತ್ವ ಬಂದದ್ದು ಈ ಹೊಸ ಗಣರಾಜ್ಯದಿಂದ. ಜುಲೈ 14ನ್ನು ರಾಷ್ಟ್ರೀಯ ಹಬ್ಬವೆಂದು ಕಾನೂನು ಮಾಡಿದ್ದು 1880ರಲ್ಲಿ. ಆಗಲೂ ರಕ್ತ ಹರಿದ 1789ನ್ನು ಒಪ್ಪದವರ ಸಮಾಧಾನಕ್ಕೆ ಅರಸ ಪ್ರಮಾಣ ಮಾಡಿದ 1790ರ ದಿನವೂ ಅದೇ ಎಂದು ನೆನಪಿಸಿದರು. ನಮ್ಮಲ್ಲಿ ಇದರ ಗುರುತು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಕಾಸರಗೋಡಿನಿಂದ ಕಲ್ಲಿಕೋಟೆಗೆ ಹೋಗುವ ರೈಲು ತಲಚೇರಿ ದಾಟಿದ ಮೇಲೆ ಸಿಗುವ ಮಾಹೆಯಲ್ಲಿ, ಹೊಳೆ ಸಮುದ್ರ ಸೇರುವಲ್ಲಿನ ಉದ್ಯಾನದಲ್ಲಿ, ಫ್ರೆಂಚ್ ಗಣರಾಜ್ಯದ ಸಂಕೇತವಾದ ಮರಿಯಾನ್ ಎಂಬ ಹೆಣ್ಣಿನ ಪ್ರತಿಮೆ ಇದೆ. ಕ್ರಾಂತಿಯ ನೂರನೆಯ ವರ್ಷವಾದ 1889ರಲ್ಲಿ ಅದನ್ನು ನಿಲ್ಲಿಸಿದ್ದು. ಮಾಹೆಯನ್ನು ಫ್ರೆಂಚರು ಹಿಡಿದದ್ದು ಹದಿನೈದನೇ ಲೂಯಿಯ ಕಾಲದಲ್ಲಿ, ಅವರು ಬಿಟ್ಟುಹೋದದ್ದು 1954ರ ಜುಲೈಯಲ್ಲಿ. ಅರಸನ ಹೆಸರಿನಲ್ಲಿ ಹಿಡಿದ ಊರಿನಲ್ಲಿ ಅರಸನ ಗುರುತು ನನ್ನ ಕಣ್ಣಿಗೆ ಬೀಳಲಿಲ್ಲ, ಅವನನ್ನು ಇಳಿಸಿದವಳ ಪ್ರತಿಮೆಗೆ ಮಾತ್ರ ಉಪ್ಪುಗಾಳಿ ಬಡಿಯುತ್ತಿದೆ. ಹಲವು ವರ್ಷದ ಹಿಂದೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಅದರ ಮುಂದೆ ನಿಲ್ಲಿಸಿ ಈ 353 ಮತ್ತು 352ರ ಕತೆ ಹೇಳಿದ್ದೆ. ಅವರಲ್ಲಿ ಎಷ್ಟು ಮಂದಿಗೆ ಐಸ್‌ಕ್ರೀಮ್‌ನ ನೆನಪು ಬಿಟ್ಟು ಬೇರೆ ನೆನಪು ಉಳಿದಿದೆಯೋ ನಾನು ಕೇಳಲು ಹೋಗಿಲ್ಲ.

ಆದ್ದರಿಂದ ಮುಂದಿನ ಭಾನುವಾರದ ಪುರವಣಿಯಲ್ಲಿ ಒಂದು ತಿದ್ದುಪಡಿಯನ್ನು ಪ್ರಕಟಿಸಬೇಕೆಂದು ವಿನಂತಿ. ನನ್ನ ಪತ್ರ ಪೂರ್ತಿ ಅಚ್ಚಾಗಬೇಕೆಂದಿಲ್ಲ. ಅರಸೊತ್ತಿಗೆ ಮೊದಲ ಬಾರಿಗೆ ರದ್ದಾದದ್ದು 1792ರ ಸೆಪ್ಟೆಂಬರ್ 21ರಂದು, ಮರಳಿ ಬಂದದ್ದು 1814ರಲ್ಲಿ, ಅದು ಮತ್ತೆ ಬರುವ ದಾರಿ ಮುಚ್ಚತೊಡಗಿದ್ದು 1875ರ ಜನವರಿ 30ರಂದು ಎಂಬಷ್ಟು ಮೂರು ಸಾಲಾದರೆ ಸಾಕು. ಗಡಿಯ ಈಚೆಗೆ ಕನ್ನಡದಲ್ಲಿ ಕಲಿಯುವ ನಮ್ಮ ಮಕ್ಕಳಿಗೆ ಪಠ್ಯದ ಹೊರಗೆ ಸಿಗುವ ಕನ್ನಡದ ಓದು ಹೆಚ್ಚಿನ ಮಟ್ಟಿಗೆ ನಿಮ್ಮ ಪುರವಣಿಯೇ ಆದ್ದರಿಂದ ಇಷ್ಟು ಹಟ ಮಾಡುತ್ತಿದ್ದೇನೆ. ಹುಡುಗಿಗೆ ವಿಷಯ ತಿಳಿಸಿದೆ. ಅನ್ನದ ಅಂಟು ಒಣಗಿದ ಕಾಗದ ಹರಿಯದೆ ಏಳುವುದಿಲ್ಲವಂತೆ. ತಿದ್ದುಪಡಿಯನ್ನು ಲೇಖನದ ಕಾಲಮಿನಷ್ಟೇ ಅಗಲಕ್ಕೆ ಅಚ್ಚು ಹಾಕಿದರೆ ಅದನ್ನು ಕತ್ತರಿಸಿ ಕೆಂಪು ಗೆರೆಯ ಮೇಲೆಯೇ ಅಂಟಿಸಬಹುದು ಎಂದಳು.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಚರಿತ್ರೆ ಅಧ್ಯಾಪಕ
ಕುಂಬಳೆ, ಕಾಸರಗೋಡು ಜಿಲ್ಲೆ